ದಾನಿ ಹಾಲು ಕೊಡ್ತಿದ್ರೂ 29 ವಾರಕ್ಕೇ ಹುಟ್ಟಿದ ಮಗುವಿನ ತೂಕ ಏರ್ತಿಲ್ಲ: ಎಲ್ಲಿ ನೋಡಬೇಕು?

ಮಲ್ನಾಡ್_ಸಿಸ್ಟರ್ ಕೇಳಿದ್ದು:

ನಮ್ಮದು ಜಿಲ್ಲಾ ಆಸ್ಪತ್ರೆಯ ಎಸ್‌ಎನ್‌ಸಿಯು (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ). ಸ್ವಂತ ಹಾಲಿನ ಬ್ಯಾಂಕ್ ಇಲ್ಲ. ಪಕ್ಕದ ಜಿಲ್ಲೆಯ ಬ್ಯಾಂಕಿನಿಂದ ಪಾಶ್ಚರೀಕರಿಸಿ ಫ್ರೀಜ್ ಮಾಡಿದ ದಾನಿ ಹಾಲು (ಬೇರೆ ತಾಯಂದಿರು ದಾನ ಕೊಟ್ಟ ಎದೆಹಾಲು) ವಾರಕ್ಕೆರಡು ಸಲ ಬರುತ್ತದೆ.

ಹೆಣ್ಣು ಮಗು, ಗರ್ಭದ 29ನೇ ವಾರಕ್ಕೇ ಹುಟ್ಟಿದ್ದು, ಹುಟ್ಟಿದ ತೂಕ 1120 ಗ್ರಾಂ. ತಾಯಿಗೆ ಬಿಪಿ ವಿಪರೀತ ಏರಿ ಸಿಸೇರಿಯನ್ ಆಗಿದೆ. ಇವತ್ತು 20ನೇ ದಿನ. 10ನೇ ದಿನಕ್ಕೆ ಪೂರ್ತಿ ಫೀಡ್ ಮುಟ್ಟಿತು, 14ನೇ ದಿನ ಹುಟ್ಟಿದ ತೂಕಕ್ಕೆ ವಾಪಸ್ ಬಂತು. ಅಲ್ಲಿಂದ 6 ದಿನಕ್ಕೆ ಬರೀ 60 ಗ್ರಾಂ, ಈಗ 1180. ಕಿಲೋಗೆ 160 ಮಿ.ಲೀ. ಲೆಕ್ಕದಲ್ಲಿ ಎರಡು ಗಂಟೆಗೊಮ್ಮೆ 16 ಮಿ.ಲೀ. ಬಾಯಿಯ ಟ್ಯೂಬಿನಲ್ಲಿ, ಸಿರಿಂಜ್ ಪಂಪಿನಿಂದ ಒಂದು ಗಂಟೆಯ ಕಾಲ ಹೋಗುತ್ತದೆ. ಹೊಟ್ಟೆ ಮೆತ್ತಗಿದೆ, ವಾಂತಿ ಇಲ್ಲ, ಮಲ ಸರಿಯಾಗಿದೆ. ತಾಯಿಯ ಹಾಲು ದಿನಕ್ಕೆ 40 ಮಿ.ಲೀ. ಮಾತ್ರ, ಉಳಿದದ್ದೆಲ್ಲ ದಾನಿ ಹಾಲು. ಕರುಳಿಗೆ ತೊಂದರೆ ಆದೀತು ಅಂತ ಫೋರ್ಟಿಫೈಯರ್ (ಹಾಲಿಗೆ ಬೆರೆಸುವ ಪೋಷಕಾಂಶದ ಪುಡಿ) ಇನ್ನೂ ಹಾಕಿಲ್ಲ.

ಪಾಶ್ಚರೀಕರಣದಲ್ಲಿ ಹಾಲಿನ ಸತ್ವ ಹೋಗಿರಬಹುದೇ? ಬ್ಯಾಂಕಿನವರನ್ನು ಏನು ಕೇಳಬೇಕು? ನಮ್ಮ ಕಡೆ ಏನು ಬದಲಿಸಬೇಕು?

---

ನಿಯೋ_ಹುಬ್ಬಳ್ಳಿ:

ಸಿಸ್ಟರ್, ವಿವರ ಚೆನ್ನಾಗಿ ಕೊಟ್ಟಿದ್ದೀರಿ, ಉತ್ತರ ಅರ್ಧ ಅದರಲ್ಲೇ ಇದೆ.

6 ದಿನಕ್ಕೆ 60 ಗ್ರಾಂ ಅಂದರೆ ಕಿಲೋಗೆ ದಿನಕ್ಕೆ ಸುಮಾರು 9 ಗ್ರಾಂ. ಈ ಹಂತದಲ್ಲಿ ಬೇಕಾಗಿರುವುದು ಕಿಲೋಗೆ 15ರಿಂದ 20 ಗ್ರಾಂ. ಇವಳ ಮಟ್ಟಿಗೆ ದಿನಕ್ಕೆ 18ರಿಂದ 23 ಗ್ರಾಂ ಏರಬೇಕು. ಅದರ ಅರ್ಧದಷ್ಟು ಬರುತ್ತಿದೆ.

ಈಗ ಹೊಟ್ಟೆಗೆ ಏನು ಹೋಗುತ್ತಿದೆ ನೋಡಿ. ದಾನಿ ಹಾಲಿನ ಬಹುಪಾಲು ತಿಂಗಳು ತುಂಬಿ ಹೆತ್ತವರದು, ಅದೂ ಹೆರಿಗೆಯಾಗಿ ವಾರಗಳೋ ತಿಂಗಳುಗಳೋ ಕಳೆದವರದು. ಅದರಲ್ಲಿ ಪ್ರೋಟೀನ್ 100 ಮಿ.ಲೀ.ಗೆ ಸುಮಾರು 0.9 ಗ್ರಾಂ. ನಿಮ್ಮ 160 ಮಿ.ಲೀ.ಗೆ ಸಿಗುವುದು 1.4 ಗ್ರಾಂ. ಈ ಮಗುವಿಗೆ ಬೇಕು 3.5ರಿಂದ 4 ಗ್ರಾಂ. ಶಕ್ತಿಯ ಲೆಕ್ಕವೂ ಹಾಗೇ. ಪುಸ್ತಕದಲ್ಲಿ ತಾಯಿಹಾಲು ಅಂದರೆ 100 ಮಿ.ಲೀ.ಗೆ 65ರಿಂದ 67 ಕಿಲೋಕ್ಯಾಲರಿ ಎಂದಿರುತ್ತದೆ, ದಾನಿ ಹಾಲು ಎಷ್ಟೋ ಸಲ 60ರ ಆಸುಪಾಸಿಗೆ ಇಳಿದಿರುತ್ತದೆ. 60 ಅಂತ ಹಿಡಿದರೆ ಕಿಲೋಗೆ 96 ಕಿಲೋಕ್ಯಾಲರಿ ಆಯಿತು. ಬೇಕಾಗಿರುವುದು 115ಕ್ಕಿಂತ ಮೇಲೆ. ತೂಕ ಏರದೇ ಇರುವುದರಲ್ಲಿ ಆಶ್ಚರ್ಯವಿಲ್ಲ. ಇಷ್ಟರಲ್ಲೂ ಏರಿದೆಯಲ್ಲ ಅನ್ನುವುದೇ ವಿಶೇಷ.

ಪಾಶ್ಚರೀಕರಣದ ಪಾಲೂ ಇದೆ, ಆದರೆ ನೀವಂದುಕೊಂಡ ರೀತಿಯಲ್ಲಲ್ಲ. ಪ್ರೋಟೀನ್, ಕೊಬ್ಬು, ಲ್ಯಾಕ್ಟೋಸ್ ಬಹುತೇಕ ಹಾಗೇ ಇರುತ್ತವೆ. ಕೊಬ್ಬನ್ನು ಅರಗಿಸಲು ತಾಯಿಹಾಲಿನಲ್ಲೇ ಇರುವ ಲೈಪೇಸ್ ಮಾತ್ರ ಪೂರ್ತಿ ಹೋಗುತ್ತದೆ. ಅವಧಿಗೆ ಮುಂಚೆ ಹುಟ್ಟಿದ ಮಗುವಿನ ಮೇದೋಜೀರಕ ಗ್ರಂಥಿಗೆ ಸ್ವಂತ ಲೈಪೇಸ್ ಸಾಕಷ್ಟು ಇರುವುದಿಲ್ಲ. ಹಾಗಾಗಿ ಹಾಲಿನಲ್ಲಿ ಇರುವ ಕೊಬ್ಬೂ ಪೂರ್ತಿ ದಕ್ಕುವುದಿಲ್ಲ.

ಫೋರ್ಟಿಫೈಯರ್ ಬಗ್ಗೆ. ಫೀಡ್ ಕಿಲೋಗೆ 100 ಮಿ.ಲೀ. ಮುಟ್ಟಿದಾಗಲೇ ಶುರು ಮಾಡಬೇಕಾದದ್ದು, ಇನ್ನು ಮೀನಮೇಷ ಎಣಿಸಬೇಡಿ. ಇದುವರೆಗಿನ ಪ್ರಯೋಗಗಳಲ್ಲಿ ಫೋರ್ಟಿಫೈಯರ್‌ನಿಂದ ಎನ್‌ಇಸಿ (ಕರುಳು ಊದಿ ಕೊಳೆಯುವ ಕಾಯಿಲೆ) ಹೆಚ್ಚಿತು ಅನ್ನುವ ಸ್ಪಷ್ಟ ಪುರಾವೆ ಸಿಕ್ಕಿಲ್ಲ. ತೊಂದರೆ ಬರುವುದು ಬೆರೆಸುವ ಕ್ರಮದಲ್ಲಿ. ಈಗ ಸಾಮಾನ್ಯವಾಗಿ ಸಿಗುವುದು 1 ಗ್ರಾಂ ಸ್ಯಾಷೆ, 25 ಮಿ.ಲೀ. ಹಾಲಿಗೆ ಒಂದು. ನಿಮ್ಮ ಫೀಡ್ 16 ಮಿ.ಲೀ., ಅದಕ್ಕೆ ಮುಕ್ಕಾಲು ಸ್ಯಾಷೆ ಅಂತ ಕಣ್ಣಂದಾಜಲ್ಲಿ ಹಾಕಿದರೆ ಒಂದು ಫೀಡ್ ನೀರು, ಇನ್ನೊಂದು ಗಟ್ಟಿ. ಗಟ್ಟಿಯಾದದ್ದು ಆಸ್ಮೊಲಾಲಿಟಿ (ಹಾಲಿನಲ್ಲಿ ಕರಗಿದ ಅಂಶಗಳ ಸಾಂದ್ರತೆ) ಏರಿಸಿ ಹೊಟ್ಟೆ ಉಬ್ಬಿಸುತ್ತದೆ, ಆಮೇಲೆ ಎಲ್ಲರೂ ಪುಡಿಯನ್ನು ಬೈಯುತ್ತಾರೆ. 50 ಮಿ.ಲೀ. ಹಾಲನ್ನು ಸಿರಿಂಜಿನಲ್ಲಿ ಅಳೆಯಿರಿ (ಬಾಟಲಿ ಮೇಲಿನ ಗೆರೆ ನಂಬಬೇಡಿ), ಎರಡು ಸ್ಯಾಷೆ ಪೂರ್ತಿ ಹಾಕಿ, ಗಂಟಾಗದಂತೆ ನಿಧಾನ ತಿರುಗಿಸಿ. ಮೂರು ಫೀಡ್ ಆಗುತ್ತದೆ. ಮೊದಲನೆಯದು ಕೊಟ್ಟು ಉಳಿದದ್ದು ಫ್ರಿಜ್‌ನಲ್ಲಿಡಿ. ಬೇಕಿದ್ದರೆ ಮೊದಲ ಒಂದೆರಡು ದಿನ ಅರ್ಧ ಪ್ರಮಾಣ, ಅಂದರೆ 50 ಮಿ.ಲೀ.ಗೆ ಒಂದೇ ಸ್ಯಾಷೆ. ಕಬ್ಬಿಣ, ಮಲ್ಟಿವಿಟಮಿನ್, ಕ್ಯಾಲ್ಸಿಯಂ ಎಲ್ಲವನ್ನೂ ಒಂದೇ ಫೀಡಿಗೆ ಸುರಿಯಬೇಡಿ, ಬೇರೆ ಬೇರೆ ಫೀಡಿಗೆ ಹಂಚಿ.

ಪ್ಯಾಕೆಟ್ಟಿನ ಹಿಂದೆ ಪ್ರೋಟೀನ್ ಎಷ್ಟಿದೆ ಓದಿ. 100 ಮಿ.ಲೀ.ಗೆ 1 ಗ್ರಾಂ ಸೇರಿಸುವ ಪುಡಿಯಾದರೆ ಒಟ್ಟು 1.9, ಕಿಲೋಗೆ 3 ಗ್ರಾಂ ಬಂತು. ಹಳೆಯ ಕೆಲವು ಪುಡಿಗಳಲ್ಲಿ ಅರ್ಧ ಗ್ರಾಂ ಕೂಡ ಸಿಗುತ್ತಿರಲಿಲ್ಲ. 3 ಗ್ರಾಮೂ ಸಾಲದಿದ್ದರೆ ಬ್ಲಡ್ ಯೂರಿಯಾ ನೋಡಿ ಮೇಲೆ ಪ್ರೋಟೀನ್ ಸೇರಿಸುವ ಪದ್ಧತಿ ಇದೆ. ಹುಷಾರು: ಪುಸ್ತಕಗಳು ಹೇಳುವುದು ಬಿಯುಎನ್ (ಯೂರಿಯಾದೊಳಗಿನ ನೈಟ್ರೋಜನ್ ಮಾತ್ರ) 10ರಿಂದ 16, ನಮ್ಮ ಲ್ಯಾಬ್‌ಗಳು ಕೊಡುವುದು ಯೂರಿಯಾ. ಬಿಯುಎನ್ ಅನ್ನು 2.14ರಿಂದ ಗುಣಿಸಿದರೆ ಯೂರಿಯಾ. ಅಂದರೆ ಯೂರಿಯಾ 21ರಿಂದ 34 ಇರಬೇಕು. ಯೂರಿಯಾ 14 ನೋಡಿ "ನಾರ್ಮಲ್" ಅಂತ ಬರೆದು ಮುಂದೆ ಹೋದ ಕೇಸ್‌ಶೀಟ್‌ಗಳು ಬೇಕಾದಷ್ಟಿವೆ.

ಇನ್ನು ಪಂಪ್. ಇದು ಯಾರ ಕಣ್ಣಿಗೂ ಬೀಳದ ಸೋರಿಕೆ. ಹಾಲು ನಿಂತರೆ ಕೊಬ್ಬು ಮೇಲೆ ತೇಲಿ ಸಿರಿಂಜಿನ ಗೋಡೆಗೆ, ಟ್ಯೂಬಿಗೆ ಅಂಟುತ್ತದೆ. ಫ್ರೀಜ್ ಆಗಿ ಕರಗಿದ ಹಾಲಿನಲ್ಲಿ ಕೊಬ್ಬಿನ ಕಣಗಳು ಒಡೆದು ಒಂದಕ್ಕೊಂದು ಸೇರಿರುವುದರಿಂದ ಇನ್ನೂ ಜಾಸ್ತಿ. ಮಲಗಿಸಿಟ್ಟ ಪಂಪಿನಲ್ಲಿ ನಿಧಾನ ಹೋದಾಗ ಕೊಬ್ಬಿನ ಮೂರನೇ ಒಂದು ಭಾಗದವರೆಗೂ ಮಗುವಿಗೆ ತಲುಪದೇ ಹೋಗಬಹುದು. ಹಾಲಿನ ಅರ್ಧದಷ್ಟು ಕ್ಯಾಲರಿ ಕೊಬ್ಬಿನದೇ. ವಾಂತಿ, ಸ್ಯಾಚುರೇಷನ್ (ರಕ್ತದ ಆಕ್ಸಿಜನ್ ಮಟ್ಟ) ಬೀಳುವುದು ಇಲ್ಲವಾದರೆ ಪಂಪ್ ತೆಗೆದು ಗುರುತ್ವಾಕರ್ಷಣೆಯಲ್ಲಿ 15–20 ನಿಮಿಷಕ್ಕೆ ಕೊಡಿ. ಪಂಪ್ ಬೇಕೇಬೇಕು ಅಂದರೆ ಸಿರಿಂಜಿನ ಮೂತಿ ಮೇಲ್ಮುಖವಾಗಿ ಓರೆ ಇರಲಿ, ಕೊಬ್ಬು ಮೊದಲು ಹೋಗುತ್ತದೆ. ಎಕ್ಸ್‌ಟೆನ್ಷನ್ ಕೊಳವೆ ಆದಷ್ಟು ಗಿಡ್ಡದ್ದಿರಲಿ, ಕೊನೆಗೆ ಟ್ಯೂಬಿನಲ್ಲಿ ಉಳಿದದ್ದನ್ನು ಸ್ವಲ್ಪ ಗಾಳಿಯಿಂದ ದೂಡಿ.

ಹಾಲಿನ ಆಚೆಗಿನ ಕಾರಣಗಳನ್ನೂ ನೋಡಿಬಿಡಿ. ಸೋಡಿಯಂ (ದಾನಿ ಹಾಲಿನಲ್ಲಿ ಕಡಿಮೆ ಇರುತ್ತದೆ, ಈ ಮಕ್ಕಳ ಕಿಡ್ನಿ ಹಿಡಿದಿಟ್ಟುಕೊಳ್ಳುವುದಿಲ್ಲ), ಹಿಮೋಗ್ಲೋಬಿನ್, ಟಿಎಸ್‌ಎಚ್ (ಥೈರಾಯ್ಡ್) ಮರುಪರೀಕ್ಷೆ, ಮೂತ್ರದ ಕಲ್ಚರ್. ನಾಲ್ಕನೇ ವಾರಕ್ಕೆ ಫಾಸ್ಫರಸ್ ಮತ್ತು ಆಲ್ಕಲೈನ್ ಫಾಸ್ಫಟೇಸ್; ಎರಡನೆಯದು 500 ದಾಟಿ ಫಾಸ್ಫರಸ್ 4ಕ್ಕಿಂತ ಕೆಳಗಿದ್ದರೆ ಎಲುಬು ಸೊರಗುತ್ತಿದೆ ಅಂತ. ಕಂಕುಳಿನ ಉಷ್ಣತೆ 36.5ಕ್ಕಿಂತ ಇಳಿಯುತ್ತಿದ್ದರೆ ತಿಂದದ್ದೆಲ್ಲ ಬೆಚ್ಚಗಿರಲು ಖರ್ಚಾಗುತ್ತದೆ. ವಿಟಮಿನ್ ಡಿ 400 ಐಯು, ಎರಡನೇ ವಾರದಿಂದ ಕಬ್ಬಿಣ ಕಿಲೋಗೆ 2 ಮಿ.ಗ್ರಾಂ. ನಡೆಯುತ್ತಿದೆ ಅಂದುಕೊಂಡಿದ್ದೇನೆ. ತೂಕ ದಿನಾ ಒಂದೇ ತಕ್ಕಡಿ, ಒಂದೇ ಹೊತ್ತು, ಬಟ್ಟೆ ಇಲ್ಲದೆ, ಫೀಡಿಗೆ ಮುಂಚೆ. ವಾರಕ್ಕೊಮ್ಮೆ ತಲೆಯ ಸುತ್ತಳತೆ, ಉದ್ದ. ತೂಕ ನೀರಿನಿಂದಲೂ ಏರೀತು, ತಲೆ ಏರುವುದಿಲ್ಲ.

---

ಬ್ಯಾಂಕ್_ಲ್ಯಾಬ್:

ಡಾಕ್ಟರ್ ಹೇಳಿದ್ದಕ್ಕೆ ಬ್ಯಾಂಕಿನ ಕಡೆಯಿಂದ ಸೇರಿಸುತ್ತೇನೆ.

ನಮ್ಮಲ್ಲಿ ನಡೆಯುವುದು ಹೋಲ್ಡರ್ ವಿಧಾನ: 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ, ಕೂಡಲೇ ತಣ್ಣಗೆ. ಎಚ್‌ಐವಿ, ಸೈಟೋಮೆಗಾಲೋ ವೈರಸ್, ಸಾಮಾನ್ಯ ಬ್ಯಾಕ್ಟೀರಿಯಾ ಎಲ್ಲವೂ ಇದರಲ್ಲಿ ನಾಶ. ಜೀವಕೋಶಗಳು, ಲೈಪೇಸ್, ಲ್ಯಾಕ್ಟೋಫೆರಿನ್‌ನ ಬಹುಭಾಗ, ಐಜಿಎ ಒಂದಷ್ಟು (ಎರಡೂ ಸೋಂಕು ತಡೆಯುವ ಪ್ರೋಟೀನ್‌ಗಳು), ವಿಟಮಿನ್ ಸಿ ಒಂದಷ್ಟು ಕೂಡ ಹೋಗುತ್ತವೆ. ತಾಯಿಹಾಲಿನ ವಿಶೇಷ ಸಕ್ಕರೆಗಳು ಮಾತ್ರ ಅಲ್ಲಾಡುವುದಿಲ್ಲ. ಕರುಳಿನ ರಕ್ಷಣೆಗೆ ಅವೂ ಒಂದು ಕಾರಣ.

ಯಂತ್ರ 62.5 ತೋರಿಸಿತು ಅಂದರೆ ಅದು ನೀರಿನ ಉಷ್ಣತೆ. ಹಾಲಿನ ನಡುಮಧ್ಯ ಅಷ್ಟಕ್ಕೆ ಬಂತೇ ಅನ್ನುವುದು ಬೇರೆ. ಅದಕ್ಕೆ ಪ್ರತಿ ಬ್ಯಾಚಿನಲ್ಲೂ ಒಂದು ಬಾಟಲಿಯೊಳಗೆ ಪ್ರೋಬ್ ಇಟ್ಟು ದಾಖಲಿಸಬೇಕು. ಎಲ್ಲ ಬಾಟಲಿಗೂ ಒಂದೇ ಗಾತ್ರ, ಒಂದೇ ಪ್ರಮಾಣ. 50 ಮಿ.ಲೀ. ಮತ್ತು 150 ಮಿ.ಲೀ. ಒಟ್ಟಿಗೆ ಇಟ್ಟರೆ ಸಣ್ಣದು ಬೇಗ ಬಿಸಿಯಾಗಿ ಹೆಚ್ಚು ಬೇಯುತ್ತದೆ, ದೊಡ್ಡದು ಅರೆಬರೆ. ಅಲುಗಾಡಿಸುವ ವಾಟರ್‌ಬಾತ್ ಬೇಕು, ನೀರು ಹಾಲಿನ ಮಟ್ಟಕ್ಕಿಂತ ಮೇಲಿರಬೇಕು. ಮುಚ್ಚಳ ಸಡಿಲ ಇದ್ದರೆ, ಅದರಲ್ಲೂ ತಣಿಸುವಾಗ ಬಾಟಲಿಯೊಳಗೆ ಗಾಳಿ ಕುಗ್ಗಿ, ಹೊರಗಿನ ನೀರನ್ನು ಎಳೆದುಕೊಳ್ಳುತ್ತದೆ. ಪಾಶ್ಚರೀಕರಣದ ನಂತರದ ಕಲ್ಚರ್‌ನಲ್ಲಿ ಸ್ಯೂಡೋಮೊನಾಸ್ ಬೆಳೆದರೆ ಮೊದಲು ಆ ನೀರನ್ನು, ಐಸನ್ನು ಅನುಮಾನಿಸಿ. ಬ್ಯಾಸಿಲಸ್ ಬೆಳೆದರೆ ಕಥೆ ಬೇರೆ: ಅದರ ಸ್ಪೋರ್‌ಗಳು 62.5 ಡಿಗ್ರಿಗೆ ಜಗ್ಗುವುದಿಲ್ಲ, ಅದು ಹಾಲು ಹಿಂಡುವಾಗಲೇ ಸೇರಿರುವ ಧೂಳು. ನಂತರದ ಕಲ್ಚರ್‌ನಲ್ಲಿ ಯಾವುದೇ ಬೆಳವಣಿಗೆ ಇದ್ದರೂ ಬ್ಯಾಚ್ ಪೂರ್ತಿ ಚೆಲ್ಲಬೇಕು. "ಒಂದೇ ಕಾಲೊನಿ ಅಲ್ವಾ" ಅನ್ನುವ ಮಾತೇ ಇಲ್ಲ.

ನೀವು ಕೇಳಬೇಕಾದ್ದು ಇಷ್ಟು. ಬಾಟಲಿ ಮೇಲೆ ಬ್ಯಾಚ್ ಸಂಖ್ಯೆ, ಪಾಶ್ಚರೀಕರಿಸಿದ ದಿನ, ಕೊನೆಯ ದಿನಾಂಕ ಇದೆಯೇ? ಕಲ್ಚರ್ ವರದಿ ಬಂದ ಮೇಲೇ ಕಳಿಸುತ್ತಾರೆಯೇ? ಅವಧಿಗೆ ಮುಂಚೆ ಹೆತ್ತ ತಾಯಂದಿರ ಹಾಲನ್ನು ಬೇರೆ ಇಡುತ್ತಾರೆಯೇ? ಮೂರನೆಯದು ನಿಮಗೆ ಮುಖ್ಯ. ಹೆರಿಗೆಯಾದ ಮೊದಲ ವಾರಗಳ ಅಂಥ ಹಾಲಿನಲ್ಲಿ ಪ್ರೋಟೀನ್ ಹೆಚ್ಚು. ಪ್ರತಿ ಬ್ಯಾಂಕಿನಲ್ಲೂ ಇರುವುದಿಲ್ಲ, ಇದ್ದರೆ 1500 ಗ್ರಾಂ ಒಳಗಿನ ಮಕ್ಕಳಿಗೆ ಅಂತ ಕೇಳಿ ಪಡೆಯಿರಿ. ಹಾಲಿನ ಕೊಬ್ಬು–ಪ್ರೋಟೀನ್ ಅಳೆಯುವ ಯಂತ್ರ ಅವರಲ್ಲಿದ್ದರೆ ಆ ಅಂಕಿಯೂ ಸಿಗುತ್ತದೆ.

ದಾರಿಯಲ್ಲಿ: ಥರ್ಮೋಕೋಲ್ ಪೆಟ್ಟಿಗೆಗೆ ಬರೀ ನೀರಿನ ಐಸ್ ತುಂಬಿ ಕಳಿಸುವುದು ಎಲ್ಲ ಕಡೆ ಕಾಣುವ ತಪ್ಪು. ಐಸ್ ಸೊನ್ನೆ ಡಿಗ್ರಿ, ಹಾಲು ಮೈನಸ್ 20. ಆ ಐಸೇ ಹಾಲನ್ನು ಕರಗಿಸುತ್ತದೆ. ಡೀಪ್ ಫ್ರೀಜರಿನಲ್ಲಿ ಗಟ್ಟಿಯಾದ ಜೆಲ್ ಪ್ಯಾಕ್ ಬೇಕು. ಪೆಟ್ಟಿಗೆಯಲ್ಲಿ ಖಾಲಿ ಜಾಗ ಉಳಿದರೆ ಬಟ್ಟೆ ತುರುಕಿ. ಬಂದ ಹಾಲಿನಲ್ಲಿ ಇನ್ನೂ ಹರಳು ಇದ್ದರೆ ಫ್ರೀಜರಿಗೆ ಹಾಕಬಹುದು. ಪೂರ್ತಿ ಕರಗಿದ್ದರೆ ಫ್ರಿಜ್‌ನಲ್ಲಿಟ್ಟು 24 ಗಂಟೆಯೊಳಗೆ ಬಳಸಿ, ಮತ್ತೆ ಫ್ರೀಜ್ ಮಾಡಬೇಡಿ.

ಕರಗಿಸುವುದು ರಾತ್ರಿ ಫ್ರಿಜ್‌ನಲ್ಲಿ, ತುರ್ತಿದ್ದರೆ 37 ಡಿಗ್ರಿ ಮೀರದ ನೀರಿನಲ್ಲಿ, ಮುಚ್ಚಳಕ್ಕೆ ನೀರು ತಾಗದಂತೆ. ಮೈಕ್ರೋವೇವ್ ಖಂಡಿತ ಬೇಡ. ಬಾಟಲಿಯಿಂದ ಬಟ್ಟಲಿಗೆ, ಬಟ್ಟಲಿನಿಂದ ಸಿರಿಂಜಿಗೆ ಅಂತ ಪಾತ್ರೆ ಬದಲಿಸಿದಷ್ಟೂ ಕೊಬ್ಬು ಗೋಡೆಗೆ ಹೋಗುತ್ತದೆ. ಬಾಟಲಿಯನ್ನು ಮೆಲ್ಲಗೆ ತಿರುಗಿಸಿ, ಅಂಟಿದ ಕೆನೆ ಕೂಡಿಕೊಂಡ ಮೇಲೆ ನೇರ ಸಿರಿಂಜಿಗೆ ಎಳೆಯಿರಿ.

---

ಸರಳ_ದಾರಿ:

ಇಷ್ಟೆಲ್ಲ ತಲೆನೋವು ಯಾಕೆ? ಅರ್ಧ ಫೀಡು ಪ್ರೀಟರ್ಮ್ ಫಾರ್ಮುಲಾ (ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಡಬ್ಬಿ ಹಾಲು) ಕೊಟ್ಟರೆ ವಾರದಲ್ಲಿ ತೂಕ ಬರುತ್ತದೆ.

---

ನಿಯೋ_ಹುಬ್ಬಳ್ಳಿ:

ಬರುತ್ತದೆ, ಸುಳ್ಳಲ್ಲ. ಫಾರ್ಮುಲಾ ಮಕ್ಕಳು ದಾನಿ ಹಾಲಿನ ಮಕ್ಕಳಿಗಿಂತ ಬೇಗ ತೂಕ, ಉದ್ದ, ತಲೆ ಮೂರೂ ಏರಿಸಿಕೊಳ್ಳುತ್ತಾರೆ. ಆದರೆ ಅದೇ ಪ್ರಯೋಗಗಳನ್ನೆಲ್ಲ ಒಟ್ಟು ಮಾಡಿ ನೋಡಿದ ಕಾಕ್ರೇನ್ ವಿಮರ್ಶೆಯಲ್ಲಿ ಫಾರ್ಮುಲಾದಿಂದ ಎನ್‌ಇಸಿ ಅಪಾಯ ಹತ್ತಿರಹತ್ತಿರ ದುಪ್ಪಟ್ಟು. ಗರ್ಭದ ಲೆಕ್ಕದಲ್ಲಿ ಈ ಮಗುವಿಗೆ ಈಗ ಸುಮಾರು 32 ವಾರ, ಎನ್‌ಇಸಿ ಹೆಚ್ಚು ಕಾಣಿಸಿಕೊಳ್ಳುವ ಹೊತ್ತೇ ಇದು. ತೂಕದ ಕೊರತೆ ತುಂಬಿಕೊಳ್ಳಬಹುದು, ಕತ್ತರಿಸಿದ ಕರುಳು ಮತ್ತೆ ಬರುವುದಿಲ್ಲ. ಫೋರ್ಟಿಫೈಯರ್ ಎಲ್ಲೂ ಸಿಗದಿದ್ದಾಗ ಕೆಲವು ಘಟಕಗಳು ಪ್ರೀಟರ್ಮ್ ಫಾರ್ಮುಲಾ ಪುಡಿಯನ್ನೇ ಹಾಲಿಗೆ ಸೇರಿಸುತ್ತವೆ. ಆದರೆ ಆ ಪುಡಿ ಸ್ಟೆರೈಲ್ ಅಲ್ಲ, ಚಮಚದ ಅಳತೆಯೂ ನಂಬುವಂಥದ್ದಲ್ಲ. ಕೊನೆಯ ದಾರಿ ಅದು.

ಸಿಸ್ಟರ್, ಹೊಟ್ಟೆ ಉಬ್ಬಿ ಬಿಗಿಯಾದರೆ, ಹಸಿರು ವಾಂತಿ, ಮಲದಲ್ಲಿ ರಕ್ತ, ಮಗು ಮಂಕಾಗಿ ಉಸಿರು ನಿಲ್ಲಿಸುವುದು, ಇವುಗಳಲ್ಲಿ ಯಾವುದೇ ಕಂಡರೂ ಫೀಡ್ ನಿಲ್ಲಿಸಿ ಡಾಕ್ಟರನ್ನು ಕರೆಯಿರಿ. ಟ್ಯೂಬಿನಿಂದ ಎಳೆದು ನೋಡಿದಾಗ ಹೊಟ್ಟೆಯಲ್ಲಿ ಬರೀ 2–3 ಮಿ.ಲೀ. ಹಾಲು ಉಳಿದಿತ್ತು ಅಂತ ಫೀಡ್ ತಪ್ಪಿಸಬೇಡಿ.

---

ಹಾಲೂಡಿಸು_ಅಕ್ಕ:

ಎಲ್ಲರೂ ದಾನಿ ಹಾಲಿನ ಹಿಂದೆ ಬಿದ್ದಿದ್ದೀರಿ, 40 ಮಿ.ಲೀ. ಬಗ್ಗೆ ಯಾರೂ ಮಾತಾಡಲಿಲ್ಲ. ಮಗುವಿಗೆ ಇವತ್ತು ಬೇಕಿರುವುದು ದಿನಕ್ಕೆ 190 ಮಿ.ಲೀ. ತಾಯಿಯದು 40ರಿಂದ 120ಕ್ಕೆ ಏರಿದರೂ ಅರ್ಧಕ್ಕಿಂತ ಹೆಚ್ಚು ಅವಳದೇ ಆಯಿತು, ಲೈಪೇಸ್ ಸಮೇತ, ಹಸಿಯಾಗಿ.

20ನೇ ದಿನಕ್ಕೆ ತಡವಾಗಿದೆ, ಕೈಮೀರಿಲ್ಲ. ದಿನಕ್ಕೆ ಎಷ್ಟು ಸಲ ಹಿಂಡುತ್ತಿದ್ದಾಳೆ ಅಂತ ಬರೆದಿಡಿ. "ಆಗಾಗ" ಅನ್ನುವ ಉತ್ತರವನ್ನು ಬಿಡಿಸಿ ನೋಡಿದರೆ ಎಷ್ಟೋ ಸಲ ನಾಲ್ಕೈದು ಸಲ ಇರುತ್ತದೆ, ರಾತ್ರಿ ಸೊನ್ನೆ. ಬೇಕಾದ್ದು 8ರಿಂದ 10 ಸಲ, ರಾತ್ರಿ 12ರಿಂದ 5ರ ನಡುವೆ ಒಂದು ಸಲವಾದರೂ. ಹಾಲು ತರುವ ಹಾರ್ಮೋನ್ ಪ್ರೊಲ್ಯಾಕ್ಟಿನ್ ಆಗಲೇ ಹೆಚ್ಚು. ನಡುವೆ 5 ಗಂಟೆಗಿಂತ ಹೆಚ್ಚು ಬಿಡುವು ಕೊಡಬಾರದು. ಎರಡೂ ಎದೆಗೆ ಒಟ್ಟಿಗೆ ಹಾಕುವ ಆಸ್ಪತ್ರೆ ದರ್ಜೆಯ ಪಂಪ್ ಇದ್ದರೆ 15 ನಿಮಿಷ, ನಿಂತ ಮೇಲೆ ಎರಡು ಮೂರು ನಿಮಿಷ ಕೈಯಲ್ಲಿ. ಕೈಯಲ್ಲಿ ಹಿಂಡುವಾಗ ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ತೊಟ್ಟಿನಿಂದ ಎರಡು ಮೂರು ಸೆಂ.ಮೀ. ಹಿಂದೆ. ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಅಮುಕಿ, ಬಿಡಿ. ಚರ್ಮದ ಮೇಲೆ ಬೆರಳು ಜಾರಿಸಿದರೆ ನೋವು ಬರುತ್ತದೆ, ಹಾಲು ಬರುವುದಿಲ್ಲ. ತೊಟ್ಟು ಪಂಪಿನ ಕೊಳವೆಯ ಗೋಡೆಗೆ ಉಜ್ಜುತ್ತಿದ್ದರೆ ಕಪ್ಪಿನ ಅಳತೆ ಸಣ್ಣದು. ಜೋರಾಗಿ ಎಳೆದರೆ ಜಾಸ್ತಿ ಬರುತ್ತದೆ ಅನ್ನುವುದು ತಪ್ಪು, ನೋವಾದರೆ ಹಾಲು ಇಳಿಯುವುದೇ ನಿಲ್ಲುತ್ತದೆ.

ಕಾಂಗರೂ ಆರೈಕೆ ನಡೆಯುತ್ತಿದೆಯೇ? ಪ್ರಶ್ನೆಯಲ್ಲಿ ಕಾಣಲಿಲ್ಲ. ಟ್ಯೂಬ್ ಇದ್ದರೂ ಮಾಡಬಹುದು. ಒಂದು ಸಲ ಎದೆಗೆ ಕಟ್ಟಿದರೆ ಕನಿಷ್ಠ ಒಂದು ಗಂಟೆ, ದಿನಕ್ಕೆ 8 ಗಂಟೆಯಿಂದ ಮೇಲಕ್ಕೆ ಎಷ್ಟಾದರೂ. ಅದು ಮುಗಿದ ಕೂಡಲೇ ಹಿಂಡಿಸಿ, ವ್ಯತ್ಯಾಸ ಅಳತೆ ಬಟ್ಟಲಿನಲ್ಲೇ ಕಾಣುತ್ತದೆ. ಮಗುವಿಗೂ ಬೆಚ್ಚಗೆ, ಕ್ಯಾಲರಿ ಉಳಿತಾಯ.

ತಾಯಿಯ ಔಷಧಿ ಪಟ್ಟಿ ತೆಗೆದು ನೋಡಿ. ಬಿಪಿಗೆ ಲ್ಯಾಬೆಟಲಾಲ್, ನಿಫೆಡಿಪಿನ್, ಎನಾಲಾಪ್ರಿಲ್ ಇದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ನೀರು ಇಳಿಸುವ ಮಾತ್ರೆ ಹಾಲು ಕಡಿಮೆ ಮಾಡಬಹುದು. ಈಸ್ಟ್ರೋಜನ್ ಇರುವ ಗುಳಿಗೆ, ಸೂಡೋಎಫೆಡ್ರಿನ್ ಇರುವ ಶೀತದ ಮಾತ್ರೆ ಬೇಡ. ಹೆರಿಗೆಯಲ್ಲಿ ರಕ್ತ ಬಹಳ ಹೋಗಿತ್ತೇ, ಹಿಮೋಗ್ಲೋಬಿನ್, ಥೈರಾಯ್ಡ್, ಮಾಸದ ಚೂರು ಉಳಿದಿದೆಯೇ, ಇಷ್ಟನ್ನು ಸ್ತ್ರೀರೋಗ ವೈದ್ಯರು ನೋಡಲಿ. ಇಷ್ಟಾದ ಮೇಲೂ ಏರದಿದ್ದರೆ ಹಾಲು ಹೆಚ್ಚಿಸಲು ಕೊಡುವ ಡೊಂಪೆರಿಡೋನ್ ಮಾತ್ರೆಯ ವಿಚಾರ. ಹೃದಯದ ಲಯದ ಸಮಸ್ಯೆ, ಜೊತೆಯ ಔಷಧಿಗಳು ಎಲ್ಲ ನೋಡಿ ವೈದ್ಯರೇ ಬರೆಯಬೇಕು.

ಮೆಂತ್ಯ, ಸಬ್ಬಸಿಗೆ, ಬೆಳ್ಳುಳ್ಳಿ ತಿನ್ನಲಿ, ಊಟಕ್ಕೆ ಒಳ್ಳೆಯದೇ, ಆದರೆ ಎದೆ ಖಾಲಿ ಮಾಡದೆ ಯಾವ ಸೊಪ್ಪೂ ಹಾಲು ತರುವುದಿಲ್ಲ. ಬಾಣಂತಿಗೆ ನೀರು ಕೊಡಬಾರದು ಅನ್ನುವ ಪಥ್ಯ ಮನೆಯಲ್ಲಿ ನಡೆಯುತ್ತಿದ್ದರೆ ಅತ್ತೆಯವರನ್ನೇ ಕೂರಿಸಿ ಮಾತಾಡಿ.

ಅವಳ 40 ಮಿ.ಲೀ.ನ್ನು ಫ್ರೀಜ್ ಮಾಡಬೇಡಿ. ಹಿಂಡಿದ 4 ಗಂಟೆಯೊಳಗೆ ಹಸಿಯಾಗಿ ಮಗುವಿಗೆ ಹೋಗಲಿ, ಆಗದಿದ್ದರೆ ಫ್ರಿಜ್. ಒಂದೇ ಫೀಡಿಗೆ ಸುರಿಯದೆ ದಿನದ ಫೀಡುಗಳಿಗೆ ಹಂಚಿ, ಮೊದಲು ತಾಯಿಯದು, ಹಿಂದೆ ದಾನಿಯದು. 34 ವಾರದ ಹೊತ್ತಿಗೆ ಒಳಲೆ, ಆಮೇಲೆ ಎದೆ. ಈಗಲೇ ಹಿಂಡಿ ಖಾಲಿ ಮಾಡಿದ ಎದೆಗೆ ದಿನಕ್ಕೊಮ್ಮೆ ಬಾಯಿ ಹಚ್ಚಿಸಿ, ಚೀಪುವುದು ಕಲಿಯಲಿ.

---

ಮಲ್ನಾಡ್_ಸಿಸ್ಟರ್:

ಎಲ್ಲರಿಗೂ ಧನ್ಯವಾದ. ವರದಿ ಬಂದಿದೆ: ಸೋಡಿಯಂ 129, ಬ್ಲಡ್ ಯೂರಿಯಾ 12, ಹಿಮೋಗ್ಲೋಬಿನ್ 11.2, ಟಿಎಸ್‌ಎಚ್ ಸರಿ, ಮೂತ್ರದಲ್ಲಿ ಸೋಂಕಿಲ್ಲ. ತಾಯಿ ಹಿಂಡುತ್ತಿರುವುದು ದಿನಕ್ಕೆ 5 ಸಲ.

ಇನ್ನೆರಡು ಪ್ರಶ್ನೆ. ನಮ್ಮಲ್ಲೇ ಒಂದು ಘಟಕ ಶುರು ಮಾಡುವ ಮಾತು ನಡೆದಿದೆ, ಪಾಶ್ಚರೈಸರ್ ತರಿಸಬೇಕೇ? ಎರಡನೆಯದು, ಕೆಲವು ಮುಸ್ಲಿಂ ಕುಟುಂಬಗಳು ಹಾಲು ಸಂಬಂಧದ ಬಗ್ಗೆ (ಒಬ್ಬಳ ಹಾಲು ಕುಡಿದವರು ಒಡಹುಟ್ಟಿದವರಂತೆ, ಮದುವೆಯಾಗುವಂತಿಲ್ಲ ಅನ್ನುವ ನಿಯಮ) ಕೇಳುತ್ತಾರೆ, ಏನು ಹೇಳುವುದು?

---

ನಿಯೋ_ಹುಬ್ಬಳ್ಳಿ:

129 ಸಾಕು ತೂಕ ನಿಲ್ಲಿಸಲು. ಸೋಡಿಯಂ ಇಲ್ಲದೆ ಅಂಗಾಂಶ ಬೆಳೆಯುವುದಿಲ್ಲ, ಎಷ್ಟು ಪ್ರೋಟೀನ್ ಸುರಿದರೂ ಅಷ್ಟೇ. ಫೀಡ್ ಅಳತೆ ಮೀರಿಲ್ಲ, ತೂಕ ಏರಿಲ್ಲ, ಊತವೂ ಇಲ್ಲವಾದರೆ ಇದು ನೀರು ಹೆಚ್ಚಾಗಿ ಬಂದದ್ದಲ್ಲ, ಉಪ್ಪು ಕಡಿಮೆಯಾದದ್ದು. ನಿಮ್ಮ ಡಾಕ್ಟರ್ ಒಪ್ಪಿದರೆ ಕಿಲೋಗೆ ದಿನಕ್ಕೆ 4 ಮಿಲಿಮೋಲ್‌ನಿಂದ ಶುರು. 1.18 ಕಿಲೋಗೆ 4.7 ಮಿಲಿಮೋಲ್. 3% ಸಲೈನಿನಲ್ಲಿ ಮಿ.ಲೀ.ಗೆ ಸುಮಾರು 0.5 ಮಿಲಿಮೋಲ್ ಇರುವುದರಿಂದ ದಿನಕ್ಕೆ 9.5 ಮಿ.ಲೀ., 12 ಫೀಡಿಗೆ ಹಂಚಿ ತಲಾ 0.8 ಮಿ.ಲೀ. ಹಾಲಿಗೆ ಬೆರೆಸಿ ಟ್ಯೂಬಿನಲ್ಲಿ. ಎರಡು ಮೂರು ಫೀಡಿನದನ್ನು ಒಟ್ಟಿಗೆ ಕೊಡಬಾರದು. 48ರಿಂದ 72 ಗಂಟೆಗೆ ಮತ್ತೆ ಸೋಡಿಯಂ. 135 ದಾಟಿ ನಿಂತ ಮೇಲೆ ಇಳಿಸುತ್ತಾ ಬನ್ನಿ. ಫೋರ್ಟಿಫೈಯರ್‌ನಲ್ಲೂ ಸ್ವಲ್ಪ ಸೋಡಿಯಂ ಇದೆ, ಲೆಕ್ಕಕ್ಕೆ ಹಿಡಿಯಿರಿ.

ಯೂರಿಯಾ 12 ಅಂದರೆ ಬಿಯುಎನ್ 5.6. ಪ್ರೋಟೀನ್ ಬರಗಾಲ. ಫೋರ್ಟಿಫೈಯರ್ ಪೂರ್ತಿ ಪ್ರಮಾಣಕ್ಕೆ ಬಂದು ವಾರಕ್ಕೆ ಮತ್ತೊಮ್ಮೆ ನೋಡಿ. ಮೊದಲು ಸೋಡಿಯಂ ಶುರು ಮಾಡಿ, ಮರುದಿನ ಅರ್ಧ ಪ್ರಮಾಣದ ಫೋರ್ಟಿಫೈಯರ್. ಎರಡನ್ನೂ ಒಂದೇ ಫೀಡಿನಲ್ಲಿ ಶುರು ಮಾಡಿದರೆ ಹೊಟ್ಟೆ ಕೆಟ್ಟಾಗ ಯಾವುದರಿಂದ ಅಂತ ತಿಳಿಯುವುದಿಲ್ಲ.

---

ಬ್ಯಾಂಕ್_ಲ್ಯಾಬ್:

ಪಾಶ್ಚರೈಸರ್ ಈಗ ಬೇಡ. ಕೇಂದ್ರದ 2017ರ ಮಾರ್ಗಸೂಚಿಯಲ್ಲಿ ಹಂತಗಳಿವೆ. ದಾನಿ ಹಾಲು ಸಂಗ್ರಹಿಸಿ, ಪಾಶ್ಚರೀಕರಿಸಿ ಹಂಚುವುದು ಸಿಎಲ್‌ಎಂಸಿ, ಹೆರಿಗೆ ಹೆಚ್ಚಿರುವ ಮೆಡಿಕಲ್ ಕಾಲೇಜು ಮಟ್ಟದ ಕೆಲಸ. ಬೆಂಗಳೂರಿನ ವಾಣಿ ವಿಲಾಸ, ಮಂಗಳೂರಿನ ಲೇಡಿ ಗೋಶನ್ ಆಸ್ಪತ್ರೆಗಳಲ್ಲಿ ಹಾಲಿನ ಬ್ಯಾಂಕ್ ಬಂದಿವೆ. ದೇಶದಲ್ಲಿ ಇದಕ್ಕೆ ಮೊದಲು ದಾರಿ ಮಾಡಿದ್ದು 1989ರಲ್ಲಿ ಮುಂಬೈ ಸಾಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್. ನಿಮ್ಮ ಮಟ್ಟಕ್ಕೆ ಒಪ್ಪುವುದು ಎಲ್‌ಎಂಯು: ತಾಯಿಯ ಹಾಲನ್ನು ಹಿಂಡಿಸಿ, ಇಟ್ಟು, ಅವಳದೇ ಮಗುವಿಗೆ ಕೊಡುವುದು. ಇದಕ್ಕೆ ಪಾಶ್ಚರೀಕರಣ ಬೇಡ. ನಿಮ್ಮ 40 ಮಿ.ಲೀ. ಸಮಸ್ಯೆಗೆ ನಿಜವಾದ ಮದ್ದೂ ಇದೇ. ಎರಡು ಮೂರು ಒಳ್ಳೆಯ ಪಂಪ್, ಮಗುವಿನ ವಾರ್ಡಿಗೆ ಅಂಟಿದ ಕೋಣೆ, ಪರದೆ, ಕೈ ತೊಳೆಯುವ ಸಿಂಕ್, ಆಟೊಕ್ಲೇವ್ ಆಗುವ ಬಟ್ಟಲುಗಳು, ಹಾಲಿಗೆ ಮಾತ್ರ ಮೀಸಲಾದ ಫ್ರಿಜ್ ಮತ್ತು ಫ್ರೀಜರ್. ಎಲ್ಲಕ್ಕಿಂತ ಮುಖ್ಯ, ಮೂರು ಪಾಳಿಗೂ ಒಬ್ಬ ತರಬೇತಾದ ನರ್ಸ್. ಯಂತ್ರ ಬಂದು ನರ್ಸ್ ಇಲ್ಲದೆ ಬೀಗ ಬಿದ್ದ ಕೋಣೆಗಳು ಕಡಿಮೆಯೇನಿಲ್ಲ. ಲೇಬಲ್‌ನಲ್ಲಿ ತಾಯಿಯ ಹೆಸರು, ಐಪಿ ನಂಬರ್, ದಿನ, ಗಂಟೆ. "ಲಕ್ಷ್ಮಿ ಮಗು" ಅಂತ ಬರೆದರೆ ವಾರ್ಡಿನಲ್ಲಿ ಮೂವರು ಲಕ್ಷ್ಮಿಯರಿರುತ್ತಾರೆ. ಕೊಡುವಾಗ ಇಬ್ಬರು ಓದಿ ಸಹಿ ಹಾಕಬೇಕು.

ಹಾಲು ಹೆಚ್ಚಿರುವ ಇನ್ನೊಬ್ಬ ತಾಯಿಯಿಂದ ವಾರ್ಡಿನಲ್ಲೇ ಹಸಿಯಾಗಿ ತೆಗೆದುಕೊಟ್ಟುಬಿಡುವ ಆಸೆ ಬರುತ್ತದೆ. ಬೇಡ. ದಾನಿಗೆ ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ಪರೀಕ್ಷೆ, ಔಷಧಿ–ತಂಬಾಕು–ಮದ್ಯದ ವಿಚಾರಣೆ, ಲಿಖಿತ ಒಪ್ಪಿಗೆ ಆಗಬೇಕು, ಅವಳ ಮಗುವಿನ ಹೊಟ್ಟೆ ಮೊದಲು ತುಂಬಿರಬೇಕು. ಅಂಥವರಿದ್ದರೆ ಬ್ಯಾಂಕಿನವರಿಗೆ ತಿಳಿಸಿ. ಹಣದ ಮಾತು ಬರಬಾರದು. ತಾಯಿಹಾಲು ಮಾರಾಟಕ್ಕೆ ಪರವಾನಗಿ ಇಲ್ಲವೆಂದು ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) 2024ರ ಮೇನಲ್ಲಿ ಮತ್ತೆ ಸ್ಪಷ್ಟ ಮಾಡಿದೆ. ಇಂಟರ್ನೆಟ್‌ನಲ್ಲಿ ಕೊಂಡ ಹಾಲನ್ನು ಅಮೆರಿಕದಲ್ಲಿ ಪರೀಕ್ಷಿಸಿದಾಗ (2013ರಲ್ಲಿ ಪ್ರಕಟ) 74% ಮಾದರಿಗಳಲ್ಲಿ ಬ್ಯಾಕ್ಟೀರಿಯಾ ಮಿತಿ ಮೀರಿತ್ತು ಅಥವಾ ಗ್ರಾಂ ನೆಗೆಟಿವ್ ಜಾತಿಯದು ಸಿಕ್ಕಿತ್ತು.

ಹಾಲು ಸಂಬಂಧದ ಪ್ರಶ್ನೆಗೆ ನೀವು ಧಾರ್ಮಿಕ ತೀರ್ಪು ಕೊಡಲು ಹೋಗಬೇಡಿ. ಇದ್ದದ್ದು ಇದ್ದ ಹಾಗೆ ಹೇಳಿ: ಹಾಲು ಹಲವು ದಾನಿಗಳದ್ದು ಬೆರೆತಿರಬಹುದು, ದಾನಿಯ ಹೆಸರು ಕುಟುಂಬಕ್ಕೆ ತಿಳಿಸುವುದಿಲ್ಲ, ಬ್ಯಾಚ್ ಸಂಖ್ಯೆಯಿಂದ ಬ್ಯಾಂಕಿನ ದಾಖಲೆಯಲ್ಲಿ ಮಾತ್ರ ಹುಡುಕಬಹುದು. ಯುರೋಪಿನ ಫತ್ವಾ ಮಂಡಳಿ 2004ರಲ್ಲಿ ಅವಧಿಪೂರ್ವ ಮಕ್ಕಳಿಗೆ ಬ್ಯಾಂಕಿನ ಹಾಲು ಒಪ್ಪಬಹುದೆಂದಿದೆ, ಒಪ್ಪದ ವಿದ್ವಾಂಸರೂ ಇದ್ದಾರೆ. ತಮ್ಮ ಮೌಲ್ವಿಯವರನ್ನು ಕೇಳಲು ಸಮಯ ಕೊಡಿ. ಅದಕ್ಕೇ ಈ ಮಾತು ಮಗು ಹುಟ್ಟಿದ ಮೊದಲ ದಿನ, ಟ್ರೋಫಿಕ್ ಫೀಡಿನ (ಕರುಳನ್ನು ಅಣಿಗೊಳಿಸುವ ಮೊದಲ ಹನಿ ಹಾಲಿನ) ಹೊತ್ತಿಗೇ ಆಗಬೇಕು, ಹಾಲು ಸಿರಿಂಜಿಗೆ ಎಳೆದ ಮೇಲಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಎಲ್ಲ ಕುಟುಂಬಗಳಿಂದಲೂ ಬೇಕು, ಅವರೊಬ್ಬರಿಂದ ಅಲ್ಲ. ಬೇಡ ಅಂದರೆ ತಾಯಿಯ ಹಾಲು ಏರಿಸುವ ಕೆಲಸ ಅದೇ ಗಂಟೆಯಿಂದ ದುಪ್ಪಟ್ಟು.

ಫ್ರೀಜರ್ ಖರೀದಿಸುವಾಗ ಒಂದು: ಹೊರಗೆ ಅಂಕಿ ತೋರಿಸುವ, ಕರೆಂಟ್ ಹೋದಾಗ ಕೂಗುವ ಅಲಾರಂ ಇರುವುದನ್ನೇ ಕೇಳಿ, ಜನರೇಟರ್ ಲೈನಿಗೆ ಜೋಡಿಸಿ. ಲಸಿಕೆಯ ಫ್ರಿಜ್‌ನಲ್ಲಿ ಒಂದು ಮೂಲೆ ಕೊಡುತ್ತೇವೆ ಅಂದರೆ ಒಪ್ಪಬೇಡಿ.